ಎದುರಿನಿಂದ ಕಂಡ ಅಣ್ಣ

ನಮ್ಮ ನಾಟಕ ಸಿನಿಮಾ ಆಯಿತೆಂದು ತಂಡದವರೆಲ್ಲ ಕುಣಿದಾಡುತ್ತಿದ್ದರೆ ಅಣ್ಣ ಮಾತ್ರ ಮುಖ ಗಂಟು ಹಾಕಿಕೊಂಡಿದ್ದ. ಅದರಲ್ಲಿ ಇಪ್ಪತ್ತೆರಡು ವರ್ಷ ತಂದೆಯ ಪಾತ್ರ ಮಾಡಿದವನು ಅವನು. ಅಷ್ಟೂ ವರ್ಷ ಎಡಗಡೆ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಟ್ಟವಳು ನಾನು.

ಸಿನಿಮಾ ಓಡಿದ್ದೇ ತಡ, ನಾಟಕಕ್ಕೂ ಮತ್ತೆ ಬೇಡಿಕೆ ಬಂತು. ಭಾನುವಾರದ ಪ್ರದರ್ಶನಕ್ಕೆ ಅಣ್ಣನೇ ಬೇಕೆಂದು ತಂಡದ ಮ್ಯಾನೇಜರ್ ದುಂಬಾಲು ಬಿದ್ದರು. ಅಣ್ಣ ರಂಗ ಬಿಟ್ಟು ಎರಡು ವರ್ಷವಾಗಿತ್ತು. ಮಂಡಿನೋವು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಮಂಡಿ ಕಲ್ಲುಗುಂಡಿನ ಹಾಗಿತ್ತು, ಹೋಗಿದ್ದು ಕಿವಿ. ಅದನ್ನು ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ.

"ಒಪ್ಪೋದು ಬಿಡೋದು ಆಮೇಲೆ, ಮೊದಲು ಸಿನಿಮಾ ನೋಡು" ಎಂದು ಮಾರ್ನಿಂಗ್ ಶೋಗೆ ಎಳೆದುಕೊಂಡು ಹೋದೆ.

ಕೂತಾಗಿನಿಂದ ಗೊಣಗಾಟ. ನಾಟಕದಲ್ಲಿ ಒಂದು ಬಾಗಿಲು, ಎರಡು ಕುರ್ಚಿ ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿ ಮೂರು ಮಹಡಿ ಮನೆ, ರೈಲು, ಸಾಲದ್ದಕ್ಕೆ ಒಂದು ನಾಯಿ.

"ಈ ನಾಯಿ ಯಾರದೇ ಪುಟ್ಟಿ?" ಕಿವುಡರ ಪಿಸುಮಾತು ಕೇಳಬೇಕೇ! ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು.

"ನಿನ್ನದೇ ಅಂತೆ, ಸುಮ್ನೆ ಕೂತ್ಕೋ" ಎಂದು ಕಿವಿಯಲ್ಲಿ ಹೇಳಿದೆ.

ಕೊನೆಯ ದೃಶ್ಯ ಬಂತು. ಮಗಳು ಮನೆ ಬಿಟ್ಟು ಮೆಟ್ಟಿಲಿಳಿಯುತ್ತಾಳೆ. ತಂದೆ ಹೆಂಡತಿಗೆ "ಬಾಗಿಲು ಹಾಕಬೇಡ" ಎನ್ನಬೇಕು. ಇಡೀ ನಾಟಕ ಬಾಯಿಪಾಠವಿದ್ದ ಅಣ್ಣ, ಅದೇನು ಗ್ರಹಚಾರವೋ, ಈ ಎರಡು ಪದಗಳನ್ನು ಪ್ರತಿ ಸಲವೂ ಮರೆಯುತ್ತಿದ್ದ. ಕಿವಿ ಮಂದವಾದ ಮೇಲಂತೂ ಕತ್ತನ್ನು ಎಡಕ್ಕೆ ವಾಲಿಸಿ, ನಾನು ಮೂರು ಸಲ ಪಿಸುಗುಟ್ಟುವ ತನಕ ಕಾದು ನಿಲ್ಲುತ್ತಿದ್ದ. ಈಗ ನೋಡಿದರೆ ಸಿನಿಮಾದ ಆ ದೊಡ್ಡ ನಟನೂ ಕತ್ತು ವಾಲಿಸಿದ. ವಾಲಿಸಿ ನಿಂತೇ ಇದ್ದ. ಚಿತ್ರಮಂದಿರದಲ್ಲಿ ಒಬ್ಬರೂ ಮಿಸುಕಲಿಲ್ಲ. ಸಿನಿಮಾ ಮಾಡುವ ಮುಂಚೆ ಅದರ ನಿರ್ದೇಶಕ ನಮ್ಮ ನಾಟಕವನ್ನು ಹತ್ತು ಸಲ ಬಂದು ನೋಡಿದ್ದ.

ಅಣ್ಣ ಧಡಕ್ಕನೆ ಎದ್ದು ಹೊರಟ. ಹಿಂದೆಯೇ ಓಡಿದೆ. ಟಿಕೆಟ್ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತಿದ್ದ.

"ನನ್ನ ಕಿವುಡನ್ನ ಊರಿಗೆಲ್ಲ ಡಂಗುರ ಸಾರಿಬಿಟ್ಟ ನೋಡು ಆ ನಿರ್ದೇಶಕ. ಇಷ್ಟು ವರ್ಷ ಜನ ಮನಸ್ಸಲ್ಲೇ ನಗ್ತಿದ್ರು ಅನ್ಸುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು, ಅಯ್ಯೋ ಅಂತಲೂ ಅನಿಸಿತು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ:

"ಇಪ್ಪತ್ತೆರಡು ವರ್ಷ ಮರೇಲಿ ಕೂತು ನಾನು ನೋಡಿದ್ದು ನಿನ್ನ ಎಡಗಿವಿ ಒಂದನ್ನೇ. ನೀನು ಹಾಗೆ ಕತ್ತು ವಾಲಿಸಿ ನಿಲ್ಲೋದು ಎದುರಿಂದ ಹೇಗೆ ಕಾಣುತ್ತೆ ಅಂತ ಇವತ್ತೇ ನೋಡಿದ್ದು. ಕಿವುಡ ಕಾಣ್ಲಿಲ್ಲ ಅಣ್ಣ. ಮಗಳ ಹೆಜ್ಜೆ ಸದ್ದು ಇನ್ನೂ ಕೇಳುತ್ತಾ ಅಂತ ಕಾಯೋ ಅಪ್ಪ ಕಂಡ. ನನಗೆ ಅಳು ಬಂದ್ಬಿಡ್ತು."

ಅಣ್ಣ ನನ್ನ ಫೋನ್ ಇಸಿದುಕೊಂಡು ಮ್ಯಾನೇಜರಿಗೆ ಕರೆ ಮಾಡಿದ.

"ಮಂಡಿನೋವು ಅಂದಿದ್ದು ಸುಳ್ಳು. ನನಗೆ ಕಿವಿ ಕೇಳಲ್ಲ. ಹೀಗಿರೋನು ಪರವಾಗಿಲ್ಲ ಅಂದ್ರೆ ಭಾನುವಾರ ಬರ್ತೀನಿ."

ಅವನ ಗಟ್ಟಿ ದನಿಗೆ ಕೌಂಟರಿನವನು ತಿರುಗಿ ನೋಡಿದ. ಅಣ್ಣ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದು, ಸೋತು ನನ್ನ ಕೈಗೆ ಕೊಟ್ಟ. ಮ್ಯಾನೇಜರ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡೆ.

"ಏನಂದ್ರು?" ಅಣ್ಣನ ಮುಖದಲ್ಲಿ ಜೀವವಿರಲಿಲ್ಲ.

"ತಂಡಕ್ಕೆಲ್ಲ ಯಾವತ್ತೋ ಗೊತ್ತಿತ್ತಂತೆ. ಆ ಕೊನೇ ದೃಶ್ಯ ಬಂದಾಗ ಪರದೆ ಹಿಂದೆ ಯಾರೂ ಕೆಮ್ಮಬಾರ್ದು, ಓಡಾಡಬಾರ್ದು ಅಂತ ಎಲ್ಲರಿಗೂ ಹೇಳಿಟ್ಟಿದ್ರಂತೆ, ನಿನಗೆ ನನ್ನ ದನಿ ಕೇಳಲಿ ಅಂತ. ಭಾನುವಾರ ಐದು ಗಂಟೆಗೆಲ್ಲ ಬಾ ಅಂದ್ರು."