‘ಕೊಳ್ಳಿ’ ಎಂಬ ಗುಂಡಿ

ವಯಸ್ಸು ನಲವತ್ತು ದಾಟಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಈ ಪುಟ್ಟಿ ಮತ್ತು ಅವಳ ಅಕ್ಕ ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಆನ್‌ಲೈನ್ ಸಿನಿಮಾ ಅಂಗಡಿ ನಡೆಸುತ್ತಿದ್ದರು. ತಿಂಗಳ ಚಂದಾ ಗಿಂದಾ ಏನಿಲ್ಲ. ಬೇಕಾದ ಒಂದು ಹಳೆಯ ಚಿತ್ರಕ್ಕೆ ದುಡ್ಡು ಕಟ್ಟಿ, ಗುಂಡಿ ಒತ್ತಿ ನೋಡಿದರಾಯಿತು. ಗುಂಡಿಯ ಮೇಲೆ ‘ಕೊಳ್ಳಿ’ ಎಂದಿತ್ತು. ಹೊಸ ಕಾನೂನು ಬಂದು ಕೊಳ್ಳಿ ಇಟ್ಟಿದ್ದೂ ಅಲ್ಲಿಗೇ.

ಅಂದು ಸಂಜೆ ಐದಕ್ಕೆ ಈ ಅಂಗಡಿಯಲ್ಲಿ ಅಮ್ಮನ ಸಿನಿಮಾ ಬರಬೇಕಿತ್ತು. ಹರೆಯದಲ್ಲಿ ಅಮ್ಮ ನಟಿಸಿದ್ದ ಒಂದೇ ಒಂದು ಚಿತ್ರ. ಥಿಯೇಟರಿನಲ್ಲಿ ಓಡಿದ್ದು ಮೂರೇ ದಿನ; ಆ ಮೂರೂ ದಿನ ಅಮ್ಮ ಹೆರಿಗೆ ವಾರ್ಡಿನಲ್ಲಿ, ಪಕ್ಕದಲ್ಲಿ ಕಿರುಚುತ್ತಾ ಅಕ್ಕ. ಅಮ್ಮ ಅದನ್ನು ನೋಡಲೇ ಇಲ್ಲ. ನೋಡಿ ಬಂದ ನೆಂಟರು ಮಾತ್ರ ‘ನಿನ್ನಿಂದಲೇ ಮುಳುಗಿತು’ ಎಂದು ನಕ್ಕಿದ್ದರು. ಅವರಿಗದು ತಮಾಷೆ. ಪಾಪ, ಅಮ್ಮ ನಲವತ್ತೈದು ವರ್ಷ ಅದನ್ನೇ ನಂಬಿಕೊಂಡು ಬಂದಿದ್ದಳು.

“ಮನೇಲೇ ಹಾಕ್ತೀನಿ, ಮೊದಲು ನೀನೊಬ್ಬಳೇ ನೋಡಿಬಿಡಮ್ಮ,” ಎಂದು ಪುಟ್ಟಿ ಗೋಗರೆದಿದ್ದಳು.

“ಕದ್ದು ಯಾಕೆ ನೋಡ್ಲಿ? ಆಡಿಕೊಂಡೋರು ದುಡ್ಡು ಕೊಟ್ಟು ನೋಡ್ಲಿ. ಅವರ ಮಧ್ಯದಲ್ಲೇ ಕೂತು ನಾನೂ ನೋಡ್ತೀನಿ,” ಎಂದು ಅಮ್ಮ ಎಲ್ಲರನ್ನೂ ಐದು ಗಂಟೆಗೆ ಅಂಗಡಿಯ ಕೋಣೆಗೇ ಕರೆದಾಗಿತ್ತು.

ಹೊಸ ಕಾನೂನಿನಂತೆ ಗುಂಡಿಯ ಮೇಲಿನ ಮಾತಿಗೂ ಮಂಡಳಿಯ ಅನುಮತಿ ಬೇಕು; ಮಧ್ಯಾಹ್ನ ಮೂರಾದರೂ ಅದು ಸಿಕ್ಕಿರಲಿಲ್ಲ. ಅಮ್ಮನನ್ನೂ ಕರೆದುಕೊಂಡು ಅಕ್ಕತಂಗಿಯರು ಮಂಡಳಿಯ ಕಚೇರಿಗೇ ಬಂದಿದ್ದರು. ಅಲ್ಲಿನ ಅಧಿಕಾರಿಗೆ ಅಕ್ಕ ಇಟ್ಟ ಹೆಸರು ಅಲ್ಪವಿರಾಮ. ಅರ್ಜಿಯಲ್ಲಿ ಒಂದು ಚಿಹ್ನೆ ತಪ್ಪಿದರೂ ವಾಪಸ್ ಕಳಿಸುವ ಆಸಾಮಿ.

“ಚಿತ್ರದ ಹಕ್ಕು ನಿಮ್ಮ ಹತ್ರ ಇರೋದು ಎರಡೇ ವರ್ಷ. ಆಮೇಲೆ ತೆಗೆದುಬಿಡ್ತೀರಿ. ಹಾಗಾದ್ರೆ ಜನ ಕೊಂಡುಕೊಂಡಿದ್ದೇನು, ಗಾಳಿನಾ? ‘ಕೊಳ್ಳಿ’ ಅನ್ನೋ ಹಾಗಿಲ್ಲ,” ಎಂದ ಅವನು.

“‘ಬಾಡಿಗೆ’ ಅಂತ ಹಾಕ್ತೀವಿ ಸಾರ್,” ಎಂದಳು ಪುಟ್ಟಿ.

“ಬಾಡಿಗೆ ಅಂದ್ರೆ ಎಷ್ಟು ಗಂಟೆ ಅಂತ ಹೇಳ್ಬೇಕು. ನಿಮ್ಮದು ಎಷ್ಟು ಸಲ ಬೇಕಾದ್ರೂ ನೋಡೋದು. ಅದೂ ಆಗಲ್ಲ.”

“‘ಪಡೆಯಿರಿ’?” ಎಂದಳು ಅಕ್ಕ.

“ಪಡೆದಿದ್ದನ್ನ ಆಮೇಲೆ ಕಿತ್ಕೊಳ್ಳೋರು ಯಾರು?”

ಪುಟ್ಟಿಗೆ ಮೈ ಉರಿಯಿತು. ಮನುಷ್ಯ ಹೇಳುತ್ತಿದ್ದುದು ಸರಿಯಾಗಿಯೇ ಇತ್ತು, ಉರಿಗೆ ಕಾರಣ ಅದೇ. ತಾನು ‘ಕೊಂಡ’ ಚಿತ್ರವೊಂದು ಬೇರೆಯವರ ಅಂಗಡಿಯಿಂದ ಹೇಳದೆ ಕೇಳದೆ ಮಾಯವಾದಾಗ ಅವಳೂ ವಾರಗಟ್ಟಲೆ ಶಾಪ ಹಾಕಿದ್ದಳು.

ಬೆಂಚಿನ ಮೇಲಿದ್ದ ಅಮ್ಮ ಎದ್ದು ಬಂದಳು.

“ಇವರು ಯಾರು?” ಎಂದ ಅಲ್ಪವಿರಾಮ.

“ಹೀರೋಯಿನ್ನು,” ಎಂದಳು ಅಮ್ಮ. “ಅಲ್ಲಪ್ಪಾ, ಏನು ನಿನ್ನ ತಕರಾರು? ಅದು ಇರೋವರೆಗೂ ನೋಡ್ಕೊಳ್ಳಿ, ಆಮೇಲೆ ಬಿಡಿ ಅಂದ್ರೆ ಮುಗೀತು. ನನ್ನ ಮಕ್ಕಳಿಗೂ ನಾನು ಹೇಳೋದು ಅಷ್ಟೇ.”

ಅಧಿಕಾರಿಯ ಪೆನ್ನು ನಿಂತಿತು. ನಿಧಾನವಾಗಿ ಬರೆದ: ‘ಇರುವವರೆಗೆ ನೋಡಿಕೊಳ್ಳಿ’. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಓದಿದ. ಮುಖ ಅರಳಿತು.

“ಸುಳ್ಳೂ ಇಲ್ಲ, ಅಲ್ಪವಿರಾಮವೂ ಬೇಡ. ಕೆಳಗೆ ಕೊನೇ ತಾರೀಖು ಹಾಕಿಬಿಡಿ,” ಎಂದು ಠಪ್ಪನೆ ಮೊಹರು ಒತ್ತಿದ. ತನ್ನ ಅಡ್ಡಹೆಸರು ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ಅಕ್ಕ ಮಾತ್ರ ಮೆಟ್ಟಿಲಿಳಿಯುವವರೆಗೂ ತಲೆ ಎತ್ತಲಿಲ್ಲ.

ಐದಕ್ಕೆ ಸರಿಯಾಗಿ ನೆಂಟರು ಒಬ್ಬೊಬ್ಬರಾಗಿ ದುಡ್ಡು ಕಟ್ಟಿ ಗುಂಡಿ ಒತ್ತಿದರು. ಗೋಡೆಯ ಪರದೆಯ ಮೇಲೆ ಒಬ್ಬ ಹುಡುಗಿ ಪೆಟ್ಟಿಗೆ ಹಿಡಿದು ಬಸ್ಸಿನ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಳು. ಕೋಣೆ ಗೊಳ್ಳೆಂದಿತು. ಅಮ್ಮ ಬೆಚ್ಚಿ ಸುತ್ತ ನೋಡಿದಳು. ಯಾರೂ ಅವಳನ್ನು ನೋಡಿ ನಗುತ್ತಿರಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೆ, ನಗಬೇಕಾದ ಜಾಗದಲ್ಲೇ ನಗು. ಹುಡುಗಿ ಅತ್ತಾಗ, ಅಂದು ಎಲ್ಲರಿಗಿಂತ ಹೆಚ್ಚು ಆಡಿಕೊಂಡಿದ್ದ ಚಿಕ್ಕಮ್ಮನೇ ಸೊರ್ ಎಂದು ಮೂಗು ಎಳೆದುಕೊಂಡಳು.

ಚಿತ್ರ ಮುಗಿಯಿತು. ಅಮ್ಮ ಪುಟ್ಟಿಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದು, ಕೋಣೆಗೆಲ್ಲ ಕೇಳುವಂತೆ ಹೇಳಿದಳು:

“ಅಯ್ಯೋ, ನಾನು ಚೆನ್ನಾಗೇ ಮಾಡಿದ್ದೀನಲ್ಲೇ!”