ಏಳನೇ ಖೋಲಿಯ ತೊಟ್ಟಿಲು

ನೀಲಗಂಗಾ ಎಲ್ಲವನ್ನೂ ಕೇಳಿದಳು, ಅದೊಂದನ್ನು ಬಿಟ್ಟು. ಟ್ರಂಕು ಎಲ್ಲಿಡುವುದು, ಹಳೆಯ ಪಂಖಾ ಯಾರಿಗೆ ಕೊಡುವುದು, ಗಂಡನ ತತ್ವಶಾಸ್ತ್ರದ ಪುಸ್ತಕಗಳನ್ನು ಇನ್ನಾದರೂ ರದ್ದಿಗೆ ಹಾಕಬಹುದೇ. ವಿರೂಪಾಕ್ಷ ಚಪ್ಪಲಿ ಮೆಟ್ಟುತ್ತ ಕಾದ. ತೊಟ್ಟಿಲಿನ ಮಾತು ಅವಳೇ ಎತ್ತಲಿ ಎಂದು.

"ಮತ್ತ?" ಎಂದ.

"ಮತ್ತೇನಿಲ್ರಿ." ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಾನೂ ಬರ್ಲೇನು?"

"ಬ್ಯಾಡ. ಧೂಳಿರ್ತೈತಿ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ.

ಪಣಜಿಯಿಂದ ಹೊಳೆಯಾಚೆ, ಪರ್ವರಿಯಲ್ಲಿ ಮೋತಿಲಾಲನ ಗೋದಾಮು ಕೆಡವುವವರಿದ್ದರು. ಅಲ್ಲಿ ಫ್ಲ್ಯಾಟುಗಳು ಏಳುತ್ತವಂತೆ. ಸಂಜೆಯೊಳಗೆ ಖೋಲಿ ಖಾಲಿ ಮಾಡಬೇಕೆಂದು ಚೀಟಿ ಬಂದಿತ್ತು. ಉದ್ದನೆಯ ಹಂಚಿನ ಕಟ್ಟಡ, ಹನ್ನೆರಡು ಖೋಲಿ. ಮಳೆಗಾಲದಲ್ಲಿ ಹೋಟೆಲಿನವರ ಕುರ್ಚಿ, ಬೇಸಿಗೆಯಲ್ಲಿ ಅಂಗಡಿಯವರ ಕೊಡೆ. ಏಳು ವರ್ಷದ ಹಿಂದೆ ಬಾಡಿಗೆ ಗೊತ್ತು ಮಾಡುವಾಗ ಮೋತಿಲಾಲ, ಮಾಲು ಏನು ಎಂದು ಕೇಳಿದ್ದ. ಮನೆಯ ಸಾಮಾನು ಎಂದಿದ್ದ ವಿರೂಪಾಕ್ಷ. ಬರೀ ತೊಟ್ಟಿಲಿಗೆ ಖೋಲಿ ಹಿಡಿದರೆಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೇ ಟ್ರಂಕು, ಪಂಖಾ, ಪುಸ್ತಕ ಜೊತೆಗೆ ಹೋದವು.

ಅಲ್ಲಾಬಕ್ಷನ ಟೆಂಪೊ ಹೊಸ ಸೇತುವೆ ಹತ್ತಿತು. ಕೆಳಗೆ ಮಾಂಡವಿ. ಏಳು ವರ್ಷದ ಹಿಂದೆ ತೊಟ್ಟಿಲು ಒಯ್ಯುವಾಗ ಹಳೆಯ ಸೇತುವೆ ಬಿದ್ದು ವರ್ಷವಾಗಿತ್ತು, ಫೆರಿಯಲ್ಲೇ ದಾಟಬೇಕಿತ್ತು. ಕಂಬಳಿಯಲ್ಲಿ ಸುತ್ತಿದ ತೊಟ್ಟಿಲು ಇಬ್ಬರ ನಡುವೆ. ಆಚೆ ದಡ ಮುಟ್ಟುವವರೆಗೂ ನೀಲಗಂಗಾ ಅದರ ಮೇಲಿನ ಕೈ ತೆಗೆದಿರಲಿಲ್ಲ. ಈಗ ನೆನೆದರೆ, ತಾವಿಬ್ಬರೂ ಅಷ್ಟು ಒತ್ತಿ ಕೂತದ್ದು ಅದೇ ಕೊನೆ. ಹಾಳಾದ ಫೆರಿ, ಇನ್ನೊಂದಿಷ್ಟು ಹೊತ್ತು ತೇಲಬಾರದಿತ್ತೇ.

ತಪ್ಪು ಅವನದೇ. ಚೊಚ್ಚಲ ಬಸಿರಿಗೆ ನೀಲಗಂಗಾ ಧಾರವಾಡದ ತವರಿಗೆ ಹೋಗಿದ್ದಳು. ಅತ್ತೆ ಶರಣಮ್ಮ ಮುತುವರ್ಜಿಯಿಂದ ಕಲಘಟಗಿಯಲ್ಲಿ ಹೇಳಿ ಮಾಡಿಸಿದ ತೊಟ್ಟಿಲು. ಅರಗಿನ ಬಣ್ಣ ಫಳಫಳ ಹೊಳೆಯುತ್ತಿತ್ತು. ಸುತ್ತಲೂ ಬಳ್ಳಿ, ಗಿಣಿ, ನಾಲ್ಕು ಮೂಲೆಗೆ ಹಿತ್ತಾಳೆಯ ಗೆಜ್ಜೆ. ಬಾಣಂತಿ ಐದು ತಿಂಗಳಿಗೆ ಗಂಡನ ಮನೆಗೆ ಹೊರಟಾಗ ಕೂಸಿನೊಡನೆ ಅದೂ ಹೊರಡಬೇಕು. ಅದು ಪದ್ಧತಿ. ನೋಡಲು ಹೋದ ವಿರೂಪಾಕ್ಷ, ಏಳನೇ ತಿಂಗಳಲ್ಲೇ ಒಯ್ಯುತ್ತೇನೆಂದು ಹಟ ಹಿಡಿದ. ಪಣಜಿಯ ಮನೆಯ ತೊಲೆಗೆ ಕಟ್ಟಿ ಸಿದ್ಧವಾಗಿಟ್ಟಿರಬೇಕೆಂದು ಆಸೆ.

"ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಸಬಾರ್ದಂತಾರ ಅಳಿಯಾರ," ಎಂದಿದ್ದಳು ಶರಣಮ್ಮ. "ನೀವು ತೊಟ್ಟಲಾನ ಒಯ್ಯಾಕತ್ತೀರಿ."

ಅವನು ನಕ್ಕಿದ್ದ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಪಣಜಿಯ ಅಂಗಡಿಯಲ್ಲಿ ಸೀರೆ ಮಡಿಚುವವನಿಗೆ ಓದಿದ್ದನ್ನು ತೋರಿಸಿಕೊಳ್ಳಲು ಇನ್ನೆಲ್ಲಿ ಅವಕಾಶ? ಓದಿ ಓದಿ ಮರುಳಾದ ಕೂಚುಭಟ್ಟ. ಬಸ್ಸಿನ ಮೇಲೆ ಹೇರಿಸಿ ತಂದ. ಗೋವಾ ಗಡಿಯ ಮೊಲೆಂ ನಾಕೆಯಲ್ಲಿ ಚಹಾಕ್ಕೆ ಇಳಿದಾಗ ಕಂಡಕ್ಟರ್ ಮೇಲೆ ನೋಡಿ, "ತೊಟ್ಟಲಾ ಬಂತು, ಕೂಸೆಲ್ರಿ ಸಾಹೇಬ್ರ?" ಎಂದು ಚೇಷ್ಟೆ ಮಾಡಿದ. "ಹಿಂದ ಬರಾಕತ್ತೈತಿ," ಎಂದಿದ್ದ ವಿರೂಪಾಕ್ಷ. ಇಡೀ ಬಸ್ಸು ನಕ್ಕಿತ್ತು. ಅಷ್ಟು ಸುಖದ ಚಹಾ ಅವನು ಮತ್ತೆ ಕುಡಿದಿಲ್ಲ.

ಕೂಸು ಅಳದೆ ಹುಟ್ಟಿತು. ಹೆಣ್ಣು.

ತೊಟ್ಟಿಲು ತಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳುವ ಮೊದಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಉಪಯೋಗವಾಗಲಿಲ್ಲ. ಪಣಜಿಗೆ ಮರಳಿದ ದಿನ ತೊಲೆಗೆ ಅವನು ಕಟ್ಟಿದ್ದ ತೊಟ್ಟಿಲನ್ನು ನೀಲಗಂಗಾ ನೋಡಿದಳು. ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ತೊಟ್ಟಿಲು ಮನೆಯಲ್ಲಿ ತೂಗಬಾರದು, ತವರಿಗೆ ತಿರುಗಿ ಕಳಿಸಬಾರದು, ಸುಡುವುದಂತೂ ಆಗದ ಮಾತು. ಹೀಗೆ ತೊಟ್ಟಿಲು ಬಾಡಿಗೆ ಖೋಲಿ ಸೇರಿತು. ಆಮೇಲೆ ಮಕ್ಕಳಾಗಲಿಲ್ಲ. ತಿಂಗಳ ಒಂದನೇ ತಾರೀಖಿಗೆ ಬಾಡಿಗೆ ಕೊಟ್ಟುಬರಲು ಅವಳೇ ಹೋಗುತ್ತಿದ್ದಳು, ಮೊದಲು ಫೆರಿಯಲ್ಲಿ, ಈಚೆಗೆ ಬಸ್ಸಿನಲ್ಲಿ. ಬರುವುದು ಸಂಜೆ. ಇಷ್ಟು ಹೊತ್ತೇಕೆ ಎಂದು ಅವನು ಕೇಳಿದ್ದಿಲ್ಲ. ಇಟ್ಟುಬಂದ ಮೇಲೆ ಅವನೊಮ್ಮೆಯೂ ಹೋಗಿದ್ದಿಲ್ಲ.

ಏಳನೇ ಖೋಲಿಯ ಬಾಗಿಲು ತೆರೆದಿತ್ತು.

ಕಿಸೆಯಿಂದ ತೆಗೆದ ಕೀಲಿಕೈ ಕೈಯಲ್ಲೇ ಉಳಿಯಿತು. ಒಳಗೆ ಸಾರಿಸಿದ ನೆಲ, ಒಗ್ಗರಣೆಯ ವಾಸನೆ. ಮೂಲೆಯಲ್ಲಿ ಅವನ ಟ್ರಂಕು, ಅದರ ಮೇಲೆ ಒಗೆದ ಬಟ್ಟೆ. ತೊಲೆಯಿಂದ ಇಳಿಬಿದ್ದ ತೊಟ್ಟಿಲು ಮೆಲ್ಲಗೆ ತೂಗುತ್ತಿತ್ತು. ಗೆಜ್ಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಒಳಗೊಂದು ಕೂಸು, ಮುಷ್ಟಿ ಬಿಗಿದು ಮಲಗಿತ್ತು.

"ಯಾರದಿದು?" ದನಿ ಅವನಿಗೇ ಕರ್ಕಶವಾಗಿ ಕೇಳಿತು.

ಒಲೆಯ ಮುಂದಿನಿಂದ ಹೆಂಗಸು ಎದ್ದಳು. ಗೋದಾಮಿನ ಕಾವಲುಗಾರ ಭರಮಪ್ಪನ ಹೆಂಡತಿ ಹುಲಿಗೆವ್ವ; ಬಾಗಲಕೋಟೆ ಕಡೆಯವಳು, ಕಟ್ಟಡದ ಕೆಲಸದವಳು. ಸೆರಗು ಸರಿಮಾಡಿಕೊಂಡಳು.

"ನಂದ್ರಿ. ಮೂರನೇದು. ನೀವು... ಅಕ್ಕಾರ ಮನಿಯವರೇನ್ರಿ?"

"ಯಾರನ್ನ ಕೇಳಿ ಹಾಕೀರಿ ಇದರಾಗ?"

"ಅಕ್ಕಾರ ಹೇಳ್ಯಾರಲ್ರಿ!" ಅವಳಿಗೆ ಆಶ್ಚರ್ಯ. "ಖಾಲಿ ಇಡಬಾರ್ದು, ಇಲ್ಲೇ ಇರು, ನಿನ್ನ ಕೂಸು ಮಲಗಿಸು ಅಂತ ಕೀಲಿಕೈನೂ ಕೊಟ್ಟಾರ್ರಿ. ಮೂರೂ ಇದರಾಗ ಬೆಳದಾವ್ರಿ. ತಿಂಗಳಾ ಬರ್ತಾರ, ತಾವ ಎಣ್ಣಿ ಹಚ್ಚಿ ಎರೀತಾರ, ಸಂಜಿತನಾ ತೂಗ್ಕೋತ ಕುಂದರ್ತಾರ. ನಿಮಗ ಹೇಳಿಲ್ಲೇನ್ರಿ?"

"ಹೇಳ್ಯಾಳ," ಎಂದ ವಿರೂಪಾಕ್ಷ.

"ಇದಕ್ಕ ಹೆಸರೂ ಅವರ ಇಟ್ಟಾರ್ರಿ."

ಹೆಸರು ಕೇಳಲು ನಾಲಿಗೆ ಎದ್ದಿತು. ತಮ್ಮ ಕೂಸಿಗೆಂದು ಆರಿಸಿಟ್ಟಿದ್ದ ಹೆಸರೇ ಇರಬೇಕು; ಅದು ಅವನಿಗೂ ನೀಲಗಂಗಾಳಿಗೂ ಮಾತ್ರ ಗೊತ್ತಿತ್ತು. ಮತ್ತೊಬ್ಬರ ಬಾಯಲ್ಲಿ ಕೇಳುವ ಧೈರ್ಯವಾಗಲಿಲ್ಲ. ಅಲ್ಲಾಬಕ್ಷನನ್ನು ಕರೆದು ಟ್ರಂಕು ಎತ್ತಿಸಿದ. ಪಂಖಾ ಎತ್ತಿಸಿದ. ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು, ಬಿಟ್ಟ.

"ನಾವೂ ನಾಳಿಗೆ ಮೊಲೆಂ ಕಡೆ ರಸ್ತೆ ಕೆಲಸಕ್ಕ ಹೊಂಟೀವ್ರಿ," ಎಂದಳು ಹುಲಿಗೆವ್ವ. ಕೈ ತೊಟ್ಟಿಲಿನ ಅಂಚಿನ ಮೇಲಿತ್ತು.

ತೊಟ್ಟಿಲು ಅವಳಿಗೇ ಕೊಟ್ಟುಬಿಡಬಹುದಿತ್ತು. ಒಂದು ಮಾತು. ಆದರೆ ಏಳು ವರ್ಷ ತನ್ನನ್ನು ಹೊರಗಿಟ್ಟು ಇಲ್ಲಿ ಒಂದು ಸಂಸಾರ ನಡೆದಿತ್ತು. ಅವನ ಹೆಂಡತಿ ಇಲ್ಲಿ ನಕ್ಕಿರಬೇಕು. ಅಲ್ಲಿ, ಮನೆಯಲ್ಲಿ, ಅವಳು ಅಕ್ಕಿ ಆರಿಸುತ್ತಾಳೆ. ಹೊಟ್ಟೆಕಿಚ್ಚಿಗೆ ಎಂಥ ಎಂ.ಎ.?

"ಅದನ್ನೂ ಬಿಚ್ಚು," ಎಂದ ಅಲ್ಲಾಬಕ್ಷನಿಗೆ.

ಹುಲಿಗೆವ್ವ ತೊಟ್ಟಿಲಿನ ಅಂಚಿನಿಂದ ಕೈ ತೆಗೆದಳು. "ನಿಮ್ಮದ್ರಿ. ಒಯ್ರಿ," ಎಂದು ಕೂಸನ್ನೆತ್ತಿ ಹಳೆಯ ಸೀರೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ಕೂಸು ಅತ್ತಿತು, ಗಟ್ಟಿಯಾಗಿ. ಖಾಲಿ ತೊಟ್ಟಿಲು ತೂಗುತ್ತಲೇ ಇತ್ತು. ಅವಳು ಗಡಬಡಿಸಿ ಹಿಡಿದು ನಿಲ್ಲಿಸಿದಳು.

"ಅಯ್ಯ ಶಿವನ, ಖಾಲಿ ಒಯ್ಯಬ್ಯಾಡ್ರಿ ಯಪ್ಪಾ, ಛಲೋ ಅಲ್ಲ. ತಡೀರಿ."

ಒಲೆಯ ಪಕ್ಕದ ಒಳ್ಳಿನಿಂದ ರುಬ್ಬುವ ಗುಂಡನ್ನು ಎತ್ತಿ ತೊಳೆದಳು, ಸೆರಗಿನಿಂದ ಒರೆಸಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡಪ್ಪನೆಂದು ಇಂಥ ಕಲ್ಲನ್ನೇ ಮಲಗಿಸಿ ತೂಗುತ್ತಾರಲ್ಲ, ಹಾಗೆ ಅದನ್ನು ತೊಟ್ಟಿಲಲ್ಲಿಟ್ಟು, ಮೇಲೊಂದು ದುಪ್ಪಟಿ ಹೊದಿಸಿದಳು.

"ನಿನ್ನ ಅಡಿಗಿಗೆ?"

"ಇರ್ಲಿ ಬಿಡ್ರಿ. ಕಲ್ಲು ಎಲ್ಲೆರ ಸಿಗತೈತಿ."

ವಿರೂಪಾಕ್ಷ ಟೆಂಪೊದ ಹಿಂದೆ, ಸಾಮಾನಿನ ನಡುವೆ ಕೂತ. ಇಳಿಜಾರಿನಲ್ಲಿ ಗೋದಾಮಿನ ಹಂಚು ಮರೆಯಾದ ಮೇಲೆ ಹೊಳೆಯಿತು: ಬರುವ ಒಂದನೇ ತಾರೀಖು ಅವಳು ಎಲ್ಲಿಗೆ ಹೋಗಬೇಕು? ಬಾಗಿಲಲ್ಲಿ ನಿಂತು "ನಾನೂ ಬರ್ಲೇನು" ಎಂದವಳು ಕೂಸನ್ನು ನೋಡಲು ಕೇಳಿದ್ದಳು.

ತಿರುಗಿಸು ಎಂದು ಕೂಗಬೇಕೆಂದುಕೊಂಡ. ಸೇತುವೆ ಬಂತು. ಸೇತುವೆಯ ಮೇಲೆ ತಿರುಗಿಸಲು ಬರುವುದಿಲ್ಲ, ಎಂದುಕೊಂಡ.

ಮುಂದೆ ಬಸ್ಸೊಂದು ಕೆಟ್ಟು ನಿಂತಿತ್ತು. ಅಲ್ಲಾಬಕ್ಷ ಗಕ್ಕನೆ ಬ್ರೇಕು ಹಾಕಿದ. ತೊಟ್ಟಿಲಲ್ಲಿ ಕಲ್ಲು ಹೊರಳಿತು, ನಾಲ್ಕೂ ಗೆಜ್ಜೆ ಒಮ್ಮೆಲೇ ನುಡಿದವು. ವಿರೂಪಾಕ್ಷ ಬಾಗಿ ಎರಡೂ ಕೈಯಿಂದ ಕಲ್ಲನ್ನು ಹಿಡಿದ. ಬಿಸಿಲಿಗೆ ಅದು ಬೆಚ್ಚಗಾಗಿತ್ತು. ಸರಿದ ದುಪ್ಪಟಿಯನ್ನು ಹೊದಿಸಿದ. ಕೆಳಗೆ ಹಳೆಯ ಫೆರಿಯೊಂದು ದಡಕ್ಕೆ ಹೋಗುತ್ತಿತ್ತು. ಟೆಂಪೊ ಮತ್ತೆ ಹೊರಟಿತು, ಪಣಜಿಯ ಮನೆಗಳು ಒಂದೊಂದಾಗಿ ದೊಡ್ಡವಾಗತೊಡಗಿದವು. ಅವನು ಕೈ ತೆಗೆದಿರಲಿಲ್ಲ. ನೋಡಿಕೊಂಡರೆ, ಆ ಕೈ ಕಲ್ಲನ್ನು ಮೆಲ್ಲಗೆ ತಟ್ಟುತ್ತಿತ್ತು.