ಏಳನೆಯ ಬಾವಿ

ನಾಯಿ ಕಚ್ಚಿದ್ದು ಶನಿವಾರ ಸಂಜೆ, ಮುಂಬೈಯ ಭಾಂಡುಪ್‌ನ ಚಾಳಿನ ನಲ್ಲಿಯ ಹತ್ತಿರ. ಧರ್ಮಣ್ಣ ಯಾರಿಗೂ ಹೇಳಲಿಲ್ಲ. ಎಡಗಾಲಿನ ಮೀನಖಂಡದಲ್ಲಿ ಹಲ್ಲು ಇಳಿದು ರಕ್ತ ಬಂದಿತ್ತು. ಖೋಲಿಯ ಬಾಗಿಲು ಹಾಕಿಕೊಂಡು ಗಾಯಕ್ಕೆ ಖಾರಪುಡಿ ಒತ್ತಿ, ಹಳೇ ಧೋತರದ ಚೂರು ಬಿಗಿದು, ಮೇಲೆ ಪ್ಯಾಂಟು ಇಳಿಬಿಟ್ಟ. ಉರಿಯನ್ನು ಹಲ್ಲು ಕಚ್ಚಿ ತಡೆದುಕೊಂಡ. ತಡೆಯಲಾಗದ್ದು ಬೇರೆ ಇತ್ತು. ಯಾರಿಗಾದರೂ ತಿಳಿದರೆ ದವಾಖಾನೆಗೆ ಕರೆದೊಯ್ಯುತ್ತಾರೆ. ದವಾಖಾನೆಯಲ್ಲಿ ಸೂಜಿ ಇರುತ್ತದೆ.

ಕಟ್ಟಡ ಕಟ್ಟುವ ನಲವತ್ತೇಳು ವರ್ಷದ ಗೌಂಡಿ ಅವನು. ಕೊರೋನಾ ಕಾಲದಲ್ಲಿ ಲಸಿಕೆಯ ಸಾಲಿನಲ್ಲಿ ಎರಡು ಸಲ ನಿಂತು, ಎರಡು ಸಲವೂ ತನ್ನ ಸರದಿ ಬರುವ ಮೊದಲೇ ಹೊರಗೆ ಬಂದಿದ್ದ. ಕೇಳಿದವರಿಗೆಲ್ಲ ಆಯಿತು ಎಂದಿದ್ದ.

ಬೆಳಿಗ್ಗೆ ಎದ್ದಾಗ ಚಾಳಿನ ತುಂಬ ಅದೇ ಮಾತು. ಆ ನಾಯಿ ಇನ್ನಿಬ್ಬರನ್ನು ಕಚ್ಚಿ, ಗಟಾರದ ಅಂಚಿನಲ್ಲಿ ಜೊಲ್ಲು ಸುರಿಸುತ್ತ ಸತ್ತಿತ್ತು. ಧರ್ಮಣ್ಣ ಕೇಳಿಸಿಕೊಂಡು ಒಳಗೆ ಹೋದ.

ಅವ್ವ ಇದ್ದಿದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರುತ್ತಿತ್ತು. ಸಿಂದಗಿ ಕಡೆಯ ಅವರ ಊರಲ್ಲಿ ನಾಯಿ ಕಚ್ಚಿದವರು ಏಳು ಬಾವಿ ಇಣುಕಬೇಕು, ಒಂದೊಂದಕ್ಕೂ ಏಳು ಜೋಳದ ಕಾಳು ಹಾಕಬೇಕು, ಏಳನೆಯದು ಮುಗಿಯುವ ತನಕ ನೀರು ಮುಟ್ಟಬಾರದು. ಹನ್ನೆರಡನೇ ವಯಸ್ಸಿನಲ್ಲಿ ಅವ್ವ ಅವನ ಕೈ ಹಿಡಿದು ಹಾಗೆ ಸುತ್ತಿಸಿದ್ದಳು. ಅವನು ಬದುಕಿದ. ಅಂದು ಕಚ್ಚಿದ ನಾಯಿಗೆ ಹುಚ್ಚು ಇತ್ತೋ ಇಲ್ಲವೋ, ಅದನ್ನು ಯಾರೂ ಕೇಳಿರಲಿಲ್ಲ.

ಎರಡು ಖೋಲಿಯಾಚೆ ಇರುವ ತಂಗಿ ಮಲ್ಲಕ್ಕ ರೊಟ್ಟಿ ತಂದಳು. ಕೂಲಿ ಹುಡುಗರಿಗೆ ರೊಟ್ಟಿ ಬಡಿದುಕೊಟ್ಟು ಬದುಕುವವಳು. ಅವಳು ಬರುವುದು ದೂರದಿಂದಲೇ ತಿಳಿಯುತ್ತದೆ: ಒಂದು ಹೆಜ್ಜೆ ಬೀಳುತ್ತದೆ, ಇನ್ನೊಂದು ನೆಲ ಸವರಿಕೊಂಡು ಬರುತ್ತದೆ.

"ಯಣ್ಣಾ, ಚಾ ಯಾಕ ಕುಡಿದಿಲ್ಲ?"

"ಹೊಟ್ಟಿ ಸರಿ ಇಲ್ಲವ್ವ. ಅಲ್ಲಿಡು. ಒಂದು ಹಿಡಿ ಜ್ವಾಳ ಇದ್ರ ಕೊಡು."

"ಜ್ವಾಳ ಯಾಕ? ಕೋಳಿ ಸಾಕಿಯೇನು?"

ಅವನು ನಗಲಿಲ್ಲ. ಅವಳು ಅವನ ಮುಖ ನೋಡಿ, ಹೋಗಿ ಜೋಳ ತಂದುಕೊಟ್ಟಳು. ಅವಳಿಗೆ ಹೇಳಬಹುದಿತ್ತು. ಆದರೆ ಲೋಕದಲ್ಲಿ ಬೇರೆ ಯಾರಿಗೆ ಹೇಳಿದರೂ ಅವಳಿಗೆ ಹೇಳುವಂತಿರಲಿಲ್ಲ.

ಪಕ್ಕದ ಗಲ್ಲಿಯ ಬಾಷಾ ನೀರಿನ ಟ್ಯಾಂಕರ್ ಓಡಿಸುತ್ತಾನೆ, ಅವರದೇ ಸೀಮೆಯವನು. ಯಾವ ಬಾವಿಯಲ್ಲಿ ಎಷ್ಟು ನೀರಿದೆ ಎಂದು ಅವನಷ್ಟು ತಿಳಿದವರು ಆ ಕಡೆ ಇಲ್ಲ. ಧರ್ಮಣ್ಣ ಗಾಡಿ ಏರಿ ಕುಳಿತು, ಏಳು ಬಾವಿ ನೋಡಬೇಕು ಎಂದ.

"ಬಾವಿ ನೋಡಾಕ ಮುಂಬೈಗೆ ಬಂದಿಯೇನೋ ಧರಮಣ್ಣಾ? ಊರಾಗ ಇರಲಿಲ್ಲೇನು?"

"ಹರಕಿ ಐತಿ."

ಹರಕೆ ಎಂದ ಮೇಲೆ ಬಾಷಾ ಕೆದಕಲಿಲ್ಲ. ಮೊದಲ ಬಾವಿ ಅವನು ಟ್ಯಾಂಕರ್ ತುಂಬಿಸುವುದೇ. ಎರಡನೆಯದು ಒಂದು ಗುಡಿಯ ಹಿಂದೆ, ಕಬ್ಬಿಣದ ಜಾಳಿಗೆಯ ಕೆಳಗೆ. ಮೂರನೆಯದು ಮುಚ್ಚಿದ ಕಾರ್ಖಾನೆಯೊಳಗೆ. ಅಲ್ಲಿಯ ವಾಚ್‌ಮನ್, ಜೀವ ಕಳಕೊಳ್ಳುವುದಿದ್ದರೆ ನನ್ನ ಡ್ಯೂಟಿ ಮುಗಿದ ಮೇಲೆ ಬಾ ಎಂದು ಮರಾಠಿಯಲ್ಲಿ ನಕ್ಕ. ಧರ್ಮಣ್ಣ ಬಗ್ಗಿ ನೋಡಿದ. ಕಪ್ಪು ನೀರಿನಲ್ಲಿ ತನ್ನ ತಲೆ ಕಂಡಿತು. ನಾಯಿಯ ಹುಚ್ಚು ಹಿಡಿದವರು ನೀರಿಗೆ ಹೆದರುತ್ತಾರಂತೆ. ನಾನು ಹೆದರಿದೆನೇ? ಮತ್ತೊಮ್ಮೆ ನೋಡಿದ. ಎದೆ ಹೊಡೆದುಕೊಳ್ಳುತ್ತಿತ್ತು. ಅದು ನೀರಿಗೋ, ಆ ಪ್ರಶ್ನೆಗೋ ತಿಳಿಯಲಿಲ್ಲ.

ನಾಲ್ಕು, ಐದು, ಆರು. ಬಿಸಿಲು ಏರಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬೆನ್ನ ಹಿಂದೆ ಟ್ಯಾಂಕರ್‌ನ ಹೊಟ್ಟೆಯಲ್ಲಿ ನೀರು ಗುಳುಗುಳು ಎನ್ನುವಾಗ ಅವನು ಕಿವಿ ಮುಚ್ಚಿಕೊಂಡ.

ಏಳನೆಯ ಬಾವಿ ಇರಲಿಲ್ಲ. ಬಾಷಾ ಗಾಡಿ ನಿಲ್ಲಿಸಿದ ಜಾಗದಲ್ಲಿ ಹೊಸ ಬಿಲ್ಡಿಂಗ್ ಎದ್ದಿತ್ತು. ಬಾವಿಯ ಮೇಲೆ ಸ್ಲ್ಯಾಬ್ ಹಾಕಿ ಕಾರು ನಿಲ್ಲಿಸಿದ್ದರು. ಇಂಥ ಸ್ಲ್ಯಾಬುಗಳನ್ನು ಧರ್ಮಣ್ಣನೇ ಎಷ್ಟೋ ಹಾಕಿದ್ದ. ಇದರಲ್ಲಿ ಬೆರಳು ತೂರಿಸುವಷ್ಟೂ ಸಂದಿಯಿಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ಕೈಯಲ್ಲಿ ಏಳು ಕಾಳು ಹಿಡಿದು ಅಲ್ಲೇ ಕುಸಿದು ಕುಳಿತ. ಪ್ಯಾಂಟಿನ ಅಂಚು ಮೇಲೆ ಸರಿಯಿತು.

ಬಾಷಾ ಕಟ್ಟು ನೋಡಿದ, ಕೆಂಪಾದ ಬಟ್ಟೆ ನೋಡಿದ.

"ಆ ನಾಯಿನಽ?"

ಧರ್ಮಣ್ಣ ತಲೆಯಾಡಿಸಿದ.

"ಹರಕಿ ಅಂದ್ಯಲ್ಲೋ, ಮಾರಾಯಾ. ಮೊದಲ ನೀರ ಕುಡಿ."

ಅವನು ಕೊಟ್ಟ ಬಾಟಲಿಯನ್ನು ಧರ್ಮಣ್ಣ ತುಟಿಗೆ ಹಿಡಿದ. ಬಾಯಿಗೆ ಬಂದ ನೀರು ಗಂಟಲಲ್ಲಿ ಇಳಿಯಲಿಲ್ಲ. ಗಂಟಲು ಮುಷ್ಟಿಯ ಹಾಗೆ ಮುಚ್ಚಿಕೊಂಡಿತು. ಕೆಮ್ಮಿ ಉಗುಳಿದ, ಮತ್ತೆ ಕುಡಿಯಲು ನೋಡಿದ, ಮತ್ತೆ ಉಗುಳಿದ. ಬಾಷಾನ ಮುಖ ಬಿಳುಪೇರಿತು. ಅದನ್ನು ಕಂಡು ಧರ್ಮಣ್ಣನಿಗೆ ಖಾತ್ರಿಯಾಯಿತು: ಬಂದುಬಿಟ್ಟಿದೆ.

ಬಾಷಾ ಫೋನ್ ತೆಗೆದು ಮಲ್ಲಕ್ಕನಿಗೆ ಹಚ್ಚಿದ. ಧರ್ಮಣ್ಣ ಬೇಡವೆಂದು ಕೈ ಬೀಸಿದ.

ಬಾಷಾ ಅವನನ್ನು ಗಾಡಿಯಲ್ಲಿ ಕರೆತರುವಷ್ಟರಲ್ಲಿ ಮುನ್ಸಿಪಾಲಿಟಿ ದವಾಖಾನೆಯ ಬಾಗಿಲಲ್ಲಿ ಅವಳು ಆಗಲೇ ನಿಂತಿದ್ದಳು, ಕೈಗಳಿಗೆ ಇನ್ನೂ ಹಿಟ್ಟು. ಒಳಗೆ ವಯಸ್ಸಾದ ಡಾಕ್ಟರಮ್ಮ ಹಿಂದಿಯಲ್ಲಿ ಎಲ್ಲ ಕೇಳಿ, ಒಂದೇ ದಿನಕ್ಕೆ ಆ ರೋಗ ಗಂಟಲಿಗೆ ಬರುವುದಿಲ್ಲ, ಗಂಟಲು ಹಿಡಿದಿರುವುದು ನಿನ್ನ ಭಯ ಎಂದರು. ಆದರೆ ಸೂಜಿ ತಪ್ಪಿಸಿದರೆ ರೋಗ ಬಂದೇ ಬರಬಹುದು, ಬಂದ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ. ಸಿಸ್ಟರ್ ಸೋಪು ಹಚ್ಚಿ, ನಲ್ಲಿಯ ಕೆಳಗೆ ಗಾಯವನ್ನು ಬಹಳ ಹೊತ್ತು ತೊಳೆದಳು; ಖಾರ ಯಾರು ಹಾಕಿದ್ದೆಂದು ಬೈದಳು. ಆಮೇಲೆ ಹೇಳಿದಳು: ತೋಳಿಗೆ ಲಸಿಕೆ, ಗಾಯದ ಸುತ್ತ ಬೇರೆ ಔಷಧಿಯ ಸೂಜಿ. ಕಾಲು ಅಲುಗಾಡಬಾರದು, ಯಾರಾದರೂ ಹಿಡಿದುಕೊಳ್ಳಿ.

ಧರ್ಮಣ್ಣ ಮಂಚದಿಂದ ಇಳಿದು ಬಾಗಿಲ ಕಡೆ ಹೊರಟ. ಬಾಗಿಲಲ್ಲಿ ಮಲ್ಲಕ್ಕ ಇದ್ದಳು. ಅವನು ಅವಳ ಕಾಲು ನೋಡಿದ.

ಅವಳಿಗೆ ಆಗ ನಾಲ್ಕು ವರ್ಷ, ಅವನಿಗೆ ಒಂಬತ್ತು. ಅವಳಿಗೆ ಜ್ವರ ಬಂದಿತ್ತು. ಊರಿಗೆ ಸೈಕಲ್ ಮೇಲೆ ಬರುತ್ತಿದ್ದ ಕಂಪೌಂಡರ್, ಕಾಲು ಹಿಡಿ ಎಂದಿದ್ದ. ಧರ್ಮಣ್ಣ ಅವಳ ಎರಡೂ ಕಾಲು ಗಟ್ಟಿಯಾಗಿ ಹಿಡಿದು, ಗೋಡೆಯ ಮೇಲೆ ಹಲ್ಲಿ ಇದೆ ನೋಡು ಎಂದಿದ್ದ. ಹಲ್ಲಿ ಇರಲಿಲ್ಲ. ಅವನು ಕುಂಡಿಗೆ ಸೂಜಿ ಚುಚ್ಚಿದ. ಮರುದಿನ ಬೆಳಿಗ್ಗೆ ಆ ಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮೂವತ್ತೆಂಟು ವರ್ಷಗಳಲ್ಲಿ ಅಣ್ಣ ತಂಗಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಮಲ್ಲೀ, ಅವತ್ತ ನಿನ್ನ ಕಾಲ ಹಿಡಿದಾಂವ ನಾನಽ."

"ನೀ ಹಿಡೀದಿದ್ರ ಅಪ್ಪ ಹಿಡೀತಿದ್ದ." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಆ ಮೂಳ ಚುಚ್ಚಬಾರದ ಜಾಗಾದಾಗ ಚುಚ್ಚಿದ. ನೀ ಒಂಬತ್ತು ವರ್ಷದಾಂವ. ಹೋಗು, ಮಕ್ಕೋ."

ಅವನು ಮಲಗಿದ. ಅವಳು ಗೋಡೆ ಹಿಡಿದು, ಆ ಕಾಲನ್ನು ಪಕ್ಕಕ್ಕೆ ಚಾಚಿ, ನೆಲದ ಮೇಲೆ ಕುಳಿತು ಅವನ ಹಿಮ್ಮಡಿಯನ್ನು ಎರಡೂ ಕೈಗಳಲ್ಲಿ ಹಿಡಿದಳು. ಹಿಟ್ಟಿನ ಕೈ. ಬಿಗಿ ಹಿಡಿತ. ಸಿಸ್ಟರ್ ಸಿರಿಂಜ್‌ನ ಗಾಳಿ ಬಿಟ್ಟಳು.

"ಯಣ್ಣಾ, ಗ್ವಾಡಿ ಮ್ಯಾಲೆ ಹಲ್ಲಿ ಐತಿ ನೋಡು."

ಬಿಳಿ ಟೈಲ್ಸಿನ ಗೋಡೆ. ಅಲ್ಲಿ ಏನೂ ಇರಲಿಲ್ಲ. ಸೂಜಿ ಒಳಗೆ ಹೋಗುವಾಗ, ಹೊರಗೆ ಬರುವಾಗ, ಮತ್ತೆ ಒಳಗೆ ಹೋಗುವಾಗ, ಕಣ್ಣಿಂದ ನೀರು ಇಳಿಯುತ್ತಿದ್ದರೂ ಅವನು ಗೋಡೆಯನ್ನೇ ನೋಡಿದ.

ಮುಂದಿನ ಸೂಜಿ ಬುಧವಾರ ಎಂದು ಚೀಟಿ ಬರೆದುಕೊಟ್ಟರು.

ಸೋಮವಾರ ಬೆಳಿಗ್ಗೆ ಎಚ್ಚರವಾದಾಗ ಅವನು ಕಾಲು ಅಲುಗಿಸಲಿಲ್ಲ. ಅಲುಗಿಸಿ ನೋಡುವ ಧೈರ್ಯವಿರಲಿಲ್ಲ. ಹೊದಿಕೆಯ ಕೆಳಗೆ ಅದು ಇತ್ತು, ಅಷ್ಟೆ. ಹೊರಗೆ ಒಂದು ಹೆಜ್ಜೆ ಬಿತ್ತು, ಇನ್ನೊಂದು ನೆಲ ಸವರಿತು. ಬಾಗಿಲು ತೆರೆಯಿತು. ಮಲ್ಲಕ್ಕ ತಂಬಿಗೆ ಕೆಳಗಿಟ್ಟು, ಹೊದಿಕೆಯ ತುದಿ ಸರಿಸಿ ಅವನ ಪಾದ ನೋಡುತ್ತ ನಿಂತಳು.

ಧರ್ಮಣ್ಣ ಕಣ್ಣು ಮುಚ್ಚಿಕೊಂಡು ಹೆಬ್ಬೆರಳು ಅಲುಗಿಸಿದ.

"ಅಲುಗಾಡಾಕತ್ತೈತಿ," ಅಂದಳು. "ನೀರ ಕುಡಿ."

ಅವನು ಎದ್ದು ಕುಳಿತು ತಂಬಿಗೆ ಎತ್ತಿಕೊಂಡ. ಮೊದಲ ಗುಟುಕು ಗಂಟಲಲ್ಲಿ ಸ್ವಲ್ಪ ನಿಂತಿತು, ಆಮೇಲೆ ಇಳಿಯಿತು.

"ಬುಧವಾರ ನೀ ಬರ್ತೀಯಲ್ಲ, ಮಲ್ಲೀ?"